ಹುಣಸೆಹಣ್ಣಿಲ್ಲದ ಭಜ್ಜಿ

ಯಾವ ತಿಂಗಳಲ್ಲಿ ಯಾವ ಕಾಯಿಪಲ್ಯ ತಿನ್ನಬೇಕು, ಯಾವ ಹಣ್ಣನ್ನು ಯಾವಾಗ ಬಾಯಿಗೆ ಹಾಕಬೇಕು ಎಂಬ ವಿಷಯದಲ್ಲಿ ನನಗೆ ಪಾಠ ಹೇಳುವವರು ಈ ಹೈದರಾಬಾದಿನಲ್ಲಿ ಯಾರೂ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೆ. ನಂಬಿಕೆಗೆ ಕಾರಣವೂ ಇತ್ತು. ನಾನು ಹುಟ್ಟಿ ಬೆಳೆದದ್ದು ಶಹಾಪುರದ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಆಯಾ ಹಂಗಾಮಿನದನ್ನು ಬಿಟ್ಟು ಬೇರೆ ಏನನ್ನಾದರೂ ತಿನ್ನುವ ಅವಕಾಶವೇ ಇರಲಿಲ್ಲ! ಬೇಸಿಗೆಯಲ್ಲಿ ಹುಣಸೆ ಚಿಗುರಿನ ಬ್ಯಾಳಿ, ಮಳೆಗಾಲದಲ್ಲಿ ಪುಂಡಿಪಲ್ಯ, ಚಳಿಗಾಲದಲ್ಲಿ ಹಸಿಕಡಲೆ, ಬಾರೆಹಣ್ಣು. ಹೊಲ ಏನು ಕೊಟ್ಟರೆ ಅದು. ಚಳಿಯಲ್ಲಿ ಮಾವಿನಹಣ್ಣು ಬೇಕೆಂದು ಅತ್ತರೆ ನಮ್ಮವ್ವ ಬೆನ್ನಿಗೆ ಎರಡು ಕೊಡುತ್ತಿದ್ದಳು. ಅದಕ್ಕೆ ಮಾತ್ರ ಹಂಗಾಮು ಇರಲಿಲ್ಲ.

ಓದು ಮುಗಿಸಿ, ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ನೌಕರಿ ಹಿಡಿದು, ಸನತ್‌ನಗರದಲ್ಲಿ ಬಾಡಿಗೆ ಮನೆ ಮಾಡಿ, ನಿರ್ಮಲಾಳನ್ನು ಮದುವೆಯಾಗಿ ಸುಖವಾಗಿದ್ದೆ. ಸ್ಪಷ್ಟವಾಗಿ ಹೇಳಬೇಕೆಂದರೆ, ನಿರ್ಮಲಾಳ ತಂಗಿ ವನಿತಾಳ ಮದುವೆ ಆಗುವವರೆಗೆ ಸುಖವಾಗಿದ್ದೆ.

ವನಿತಾಳ ಗಂಡ ಶ್ರೀಕಾಂತ. ಸಂಬಂಧದಲ್ಲಿ ನನ್ನ ಷಡ್ಡಕ. ಹುಬ್ಬಳ್ಳಿಯ ಹುಡುಗ, ಸಾಫ್ಟ್‌ವೇರ್ ಎಂಜಿನಿಯರ್. ಆಗ ಹೈದರಾಬಾದಿನಲ್ಲಿ ಬಂಡೆಗಲ್ಲು ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಇವತ್ತು ಕುರಿ ಮೇಯುತ್ತಿದ್ದ ಜಾಗದಲ್ಲಿ ನಾಳೆ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗರು ಓಡಾಡುತ್ತಿದ್ದರು. ಶ್ರೀಕಾಂತ ಬಂದವನೇ ಮಣಿಕೊಂಡದಲ್ಲಿ ಫ್ಲ್ಯಾಟ್ ತೆಗೆದುಕೊಂಡ. ಆಮೇಲೆ ಕಾರು ತೆಗೆದುಕೊಂಡ. ನನಗೆ ಹೊಟ್ಟೆಕಿಚ್ಚಾಯಿತೇ? ಛೆ, ಛೆ! ನನ್ನ ಸ್ಕೂಟರನ್ನು ಒರೆಸುವಾಗ ಸ್ವಲ್ಪ ಜೋರಾಗಿ ಒರೆಸತೊಡಗಿದೆ, ಅಷ್ಟೆ.

ನನಗಿದ್ದ ದೊಡ್ಡ ಸಮಾಧಾನವೆಂದರೆ ಅವನಿಗೆ ತಿನ್ನಲು ಬರುತ್ತಿರಲಿಲ್ಲ. ಪಿಜ್ಜಾ ತಿನ್ನುತ್ತಿದ್ದ. ಸುಡುಬೇಸಿಗೆಯಲ್ಲಿ ಹೂಕೋಸು ತಿನ್ನುತ್ತಿದ್ದ. ಫ್ರಿಜ್ಜಿನಲ್ಲಿ ಮಂಜುಗಟ್ಟಿದ ಬಟಾಣಿಯನ್ನು ಮಳೆಗಾಲದಲ್ಲಿ ತಿಂದು, "ಫ್ರೆಶ್ ಐತಿ" ಎನ್ನುತ್ತಿದ್ದ. ಹೊಟ್ಟೆಯೂ ಸಾಕಷ್ಟು ಮುಂದೆ ಬಂದಿತ್ತು. ನಾನು ನಿರ್ಮಲಾಳಿಗೆ ಹೇಳುತ್ತಿದ್ದೆ:

"ರೊಕ್ಕ ಐತಿ, ಖರೆ. ಹೊಟ್ಟಿಗೆ ಯಾವಾಗ ಏನು ಹಾಕಬೇಕಂತ ತಿಳಿಯಂಗಿಲ್ಲ, ಪಾಪ."

"ಹೌದು ಬಿಡ್ರಿ, ಅದರಾಗ ನೀವಾ ಶ್ಯಾಣ್ಯಾರು," ಎನ್ನುತ್ತಿದ್ದಳು ನಿರ್ಮಲಾ.

ಆ ಒಂದು ಮಾತಿನ ಮೇಲೆ ನಾನು ಬದುಕಿದ್ದೆ.

ಆ ವರ್ಷ ಯುಗಾದಿಗೆ ಶ್ರೀಕಾಂತನ ಮನೆಗೆ ಊಟಕ್ಕೆ ಹೋದೆವು. ಬಾಗಿಲು ತೆಗೆದವನನ್ನು ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಹೊಟ್ಟೆ ಇರಲಿಲ್ಲ! ಮುಖ ತಿಕ್ಕಿದ ಹಿತ್ತಾಳೆ ಚೊಂಬಿನಂತೆ ಹೊಳೆಯುತ್ತಿತ್ತು. ಊಟಕ್ಕೆ ಕೂತಾಗ ಅವನೇ ಸ್ವತಃ ಒಂದು ಬಟ್ಟಲು ತಂದು ನನ್ನ ಮುಂದಿಟ್ಟ.

"ಅಣ್ಣಾರ, ಇದೇನಂತ ಹೇಳ್ರಿ ನೋಡೂಣು?"

ನೋಡಿದೆ. ಹುಣಸೆ ಚಿಗುರಿನ ಬ್ಯಾಳಿ! ನನ್ನ ಹುಣಸೆ ಚಿಗುರು! ಅವನ ಬಟ್ಟಲಿನಲ್ಲಿ!

"ನಮ್ಮ ಆಫೀಸಿನ್ಯಾಗ ಒಬ್ರು ಮೇಡಂ ಬಂದು ಕ್ಲಾಸ್ ತಗೊಂಡ್ರರಿ. ಆಯಾ ಹಂಗಾಮಿನ್ಯಾಗ ನಮ್ಮ ಸುತ್ತಮುತ್ತ ಏನು ಬೆಳಿತೈತೋ ಅದನ್ನಷ್ಟಾ ತಿನ್ನಬೇಕಂತ. ನಾವು ಈಗ ವರ್ಷಪೂರ್ತಿ ಸೀಸನಲ್ ರೀ, ಅಣ್ಣಾರ! ನೀವೂ ಟ್ರೈ ಮಾಡ್ರಿ."

ನಾನೂ ಟ್ರೈ ಮಾಡಬೇಕಂತೆ! ನಾನು ಆ ಚಿಗುರನ್ನು ಮರ ಹತ್ತಿ ಕಿತ್ತು ತಿನ್ನುತ್ತಿದ್ದಾಗ ಇವನು ಹುಬ್ಬಳ್ಳಿಯಲ್ಲಿ ಬಿಸ್ಕೀಟು ಅದ್ದಿಕೊಂಡು ತಿನ್ನುತ್ತಿದ್ದ! ನಾನು ತಿಂದಾಗ ಜನ ಬಡತನ ಎಂದರು. ಅವನು ತಿಂದರೆ ಆರೋಗ್ಯ!

"ನೋಡ್ರಿ, ಎಷ್ಟು ಶಿಸ್ತು!" ಎಂದಳು ನನ್ನ ಹೆಂಡತಿ. ನನ್ನ ಸ್ವಂತ ಹೆಂಡತಿ.

ಮನೆಗೆ ಮರಳುವಾಗ ಸ್ಕೂಟರಿನ ಹಿಂದೆ ಕೂತಿದ್ದ ಅವಳು ನನ್ನ ಭುಜ ತಟ್ಟಿ, "ಶ್ರೀಕಾಂತನ ಮಾರಿ ಹ್ಯಾಂಗ ಹೊಳ್ಯಾಕತ್ತೈತಿ, ನೋಡಿದ್ರೇನು?" ಎಂದಳು.

ಎದುರಿಗೆ ಸಿಗ್ನಲ್ ಇರಲಿಲ್ಲ. ಆದರೂ ನಾನು ಬ್ರೇಕ್ ಹಾಕಿದೆ.

ಹಣ್ಣಿಗೆ ಹಂಗಾಮಿದೆ, ಕಾಯಿಗೆ ಹಂಗಾಮಿದೆ. ಹೊಟ್ಟೆಕಿಚ್ಚು ಮಾತ್ರ ವರ್ಷವಿಡೀ ಬಿಡುವ ಬೆಳೆ. ನೀರು ಹಾಕಬೇಕಿಲ್ಲ, ಗೊಬ್ಬರ ಬೇಕಿಲ್ಲ. ಮರುದಿನ ಬೆಳಿಗ್ಗೆಯೇ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಸಂಸತ್ತಿನಲ್ಲಿ ಮಸೂದೆ ಮಂಡಿಸುವ ಗಾಂಭೀರ್ಯದಿಂದ ಘೋಷಿಸಿದೆ: ಇಂದಿನಿಂದ ಈ ಮನೆಯಲ್ಲಿ ಹಂಗಾಮಿನದಲ್ಲದ ಯಾವುದೇ ಹಣ್ಣು, ಕಾಯಿ, ಸೊಪ್ಪು, ಗಡ್ಡೆಗಳಿಗೆ ಪ್ರವೇಶವಿಲ್ಲ. ಶ್ರೀಕಾಂತ ಮಾಡುತ್ತಿರುವುದು ಬರೀ ಅರ್ಧಮರ್ಧ. ನಮ್ಮದು ಕಟ್ಟುನಿಟ್ಟು.

ನಿರ್ಮಲಾ ಒಲೆ ಸಣ್ಣಗೆ ಮಾಡಿ ನನ್ನ ಕಡೆ ತಿರುಗಿದಳು.

"ಹಂಗಾದ್ರ ಆಲೂಗಡ್ಡಿ?"

"ಬಂದ್!"

"ಟೊಮ್ಯಾಟೊ?"

"ಬ್ಯಾಸಿಗ್ಯಾಗ ಬಂದ್!"

"ಉಳ್ಳಾಗಡ್ಡಿ ಯಾವ ಸೀಸನ್ನಿಂದ್ರಿ?"

ನಾನು ಯೋಚಿಸಿದೆ. ಉಳ್ಳಾಗಡ್ಡಿ ನನ್ನ ನೆನಪಿನಲ್ಲಿ ಯಾವಾಗಲೂ ಇತ್ತು. "ಅದರ ಬಗ್ಗೆ ತೀರ್ಮಾನ ಆಮ್ಯಾಲ ತಿಳಿಸ್ತೀನಿ," ಎಂದು ಸ್ನಾನಕ್ಕೆ ಹೋದೆ.

ಮೊದಲ ಯುದ್ಧ ಮಾವಿನದು. ಆ ಹಂಗಾಮಿನ ಮೊಟ್ಟಮೊದಲ ಮಾವಿನಹಣ್ಣು ಶ್ರೀಕಾಂತನ ಮನೆಗಿಂತ ಮುಂಚೆ ನಮ್ಮ ಮನೆಯಲ್ಲಿ ಕತ್ತರಿಸಲ್ಪಡಬೇಕು, ಅದರ ಹೋಳುಗಳನ್ನು ನಾನೇ ಡಬ್ಬಿಯಲ್ಲಿ ಒಯ್ದು ಅವನ ಮುಂದಿಟ್ಟು "ಟ್ರೈ ಮಾಡ್ರಿ" ಎನ್ನಬೇಕು. ಇದೇ ಯೋಜನೆ. ದಿಲ್‌ಸುಖ್‌ನಗರ ದಾಟಿದರೆ ಸಿಗುವ ಹಣ್ಣಿನ ಮಂಡಿಗೆ ಹೋದೆ. ಬಂಗನಪಲ್ಲಿ ಕಾಯಿಗಳು ಆಗಷ್ಟೇ ಬರತೊಡಗಿದ್ದವು. ಅನುಭವಿಯಂತೆ ಒಂದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಹೆಬ್ಬೆರಳಿಗೆ ನೋವಾಯಿತು.

"ಕ್ಯಾ ಸಾಬ್, ಕ್ರಿಕೆಟ್ ಖೇಲ್ತೆ ಕ್ಯಾ?" ಎಂದ ವ್ಯಾಪಾರಿ.

ಕಾಯಿಯನ್ನು ಹುಲ್ಲಿನಲ್ಲಿ ಅಡಿಹಾಕಿ ಹಣ್ಣು ಮಾಡುವ ಶಾಸ್ತ್ರ ಈ ಜನಕ್ಕೆ ಏನು ಗೊತ್ತು! ಒಂದು ಬುಟ್ಟಿ ಪೂರ್ತಿ ತಂದೆ. ನಗರದಲ್ಲಿ ಹುಲ್ಲು ಎಲ್ಲಿ ಸಿಗಬೇಕು? ಫ್ಯಾಕ್ಟರಿಗೆ ಬಂದ ಯಂತ್ರದ ಪೆಟ್ಟಿಗೆಯಲ್ಲಿದ್ದ ಹುಲ್ಲನ್ನು ಕೇಳಿ ತಂದು, ನಮ್ಮ ಮಂಚದ ಕೆಳಗೆ ಹಾಸಿ, ಕಾಯಿಗಳನ್ನು ಸಾಲಾಗಿ ಮಲಗಿಸಿ ಮೇಲೆ ಗೋಣಿಚೀಲ ಹೊದಿಸಿದೆ. ದಿನಾ ಎದ್ದವನೇ ಮಂಚದ ಕೆಳಗೆ ತಲೆ ತೂರಿಸಿ ಮೂಸುತ್ತಿದ್ದೆ. ಮೊದಲು ಇರುವೆ ಬಂದವು. ಆಮೇಲೆ ಇಲಿ ಬಂತು. ಹಣ್ಣಿನ ವಾಸನೆ ಮಾತ್ರ ಬರಲಿಲ್ಲ. ಬಲಿಯದೇ ಕಿತ್ತ ಕಾಯಿಗಳು ಹಣ್ಣಾಗುವ ಬದಲು ಒಣಗಿ, ಸುಕ್ಕುಗಟ್ಟಿ, ನಿವೃತ್ತಿ ಅಂಚಿನ ಗುಮಾಸ್ತರಂತೆ ಕಾಣತೊಡಗಿದವು.

"ಮುಪ್ಪಾದ್ವು, ಹಣ್ಣಾಗಲಿಲ್ಲ," ಎಂದಳು ನಿರ್ಮಲಾ, ನನ್ನನ್ನೇ ನೋಡುತ್ತ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಶ್ರೀಕಾಂತ! ಕೈಯಲ್ಲಿ ಚೀಲ.

"ಅಣ್ಣಾರ, ಈಗ ಬರೋಬ್ಬರಿ ಸೀಸನ್ ಚಾಲೂ ಆತು ನೋಡ್ರಿ. ಮರದ ಮ್ಯಾಲೇ ಬಲತದ್ದು. ನಿಮಗಂತನಾ ತಂದೀನಿ."

ಬಂಗಾರದ ಬಣ್ಣ. ಕೋಣೆಯೆಲ್ಲ ಘಮ. ನಾನು ಒಂದು ಹೋಳು ತಿಂದು, "ಪರವಾಗಿಲ್ಲ. ಸ್ವಲ್ಪ ಹುಳಿ," ಎಂದೆ. ಅವನು ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಉಳಿದದ್ದನ್ನೆಲ್ಲ ನಾನೇ ತಿಂದೆ. ಓಟೆ ಚೀಪುತ್ತಿದ್ದಾಗ ನಿರ್ಮಲಾ ಬಂದಳು. ಹುಳಿಗೆಂದು ಸಕ್ಕರೆ ಡಬ್ಬಿ ತಂದು ನನ್ನ ಮುಂದಿಟ್ಟಳು. ಅದು ಹೆಚ್ಚು ಉರಿಯಿತು.

ಮಳೆಗಾಲವನ್ನು ನಾನು ವಿವರಿಸಲಾರೆ. ಹೀರೇಕಾಯಿ, ಹೀರೇಕಾಯಿ ಸಿಪ್ಪೆ, ಮತ್ತೆ ಹೀರೇಕಾಯಿ. ನಿರ್ಮಲಾ ಮಧ್ಯಾಹ್ನ ಪಕ್ಕದ ಮನೆಯವರ ಹತ್ತಿರ ಆಲೂಗಡ್ಡೆ ಪಲ್ಯ ತಿಂದು ಬರುತ್ತಾಳೆಂಬ ಗುಮಾನಿ ನನಗಿತ್ತು. ಸಾಕ್ಷ್ಯ ಸಿಗಲಿಲ್ಲ. ಅವಳ ತೂಕ ಕಡಿಮೆಯಾಗಲಿಲ್ಲ ಎಂಬುದೊಂದೇ ಸಾಕ್ಷ್ಯ.

ದಸರಾ ಮುಗಿಯುತ್ತಿದ್ದಂತೆ ನಮ್ಮ ಅತ್ತೆ ಊರಿನಿಂದ ಬಂದರು. ಪ್ರತಿ ವರ್ಷವೂ ಬರುತ್ತಾರೆ, ಸಂಕ್ರಾಂತಿಯವರೆಗೆ ಕೆಲವು ದಿನ ನಮ್ಮ ಮನೆ, ಕೆಲವು ದಿನ ವನಿತಾಳ ಮನೆ. ಈ ಸಲ ಮೊದಲು ವನಿತಾಳ ಮನೆಯಲ್ಲಿದ್ದು ನಮ್ಮಲ್ಲಿಗೆ ಬಂದಿದ್ದರು. ಅತ್ತೆಯದು ನೇರ ಮಾತು. ಕತ್ತರಿಗೆ ಎರಡು ಅಲಗಾದರೂ ಇರುತ್ತವೆ, ಇವರ ನಾಲಿಗೆಗೆ ಒಂದೇ, ಆದರೆ ಅದೇ ಸಾಕು. ನಾನು ಉತ್ಸಾಹದಿಂದ ನಮ್ಮ ಮನೆಯ ಕಟ್ಟುನಿಟ್ಟಿನ ಬಗ್ಗೆ ಅವರಿಗೆ ವಿವರಿಸಿದೆ. ಪೂರ್ತಿ ಕೇಳಿದರು.

"ನಾವು ಹಂಗಾಮು ನೋಡಿ ತಿಂದಿಲ್ಲಪಾ. ಇದ್ದದ್ದು ತಿಂದೀವಿ. ಇಲ್ಲದಾಗ ಸುಮ್ಮನಿದ್ದೀವಿ," ಎಂದರು. ಅದರ ಮೇಲೆ, "ಶ್ರೀಕಾಂತ ಮಾತ್ರ ಭಾಳ ಚೆಂದ ಮಾಡ್ಯಾನ ಬಿಡು. ಸೀತಾಫಲ ತಂದು, ಬೀಜಾ ತಗದು, ಬಟ್ಟಲದಾಗ ಹಾಕಿ ಕೈಯಾಗ ಕೊಟ್ಟ," ಎಂದರು.

ಬೀಜ ತೆಗೆದು! ಆ ಸಂಜೆ ನಾನು ಸೀತಾಫಲ ತಂದು ಬೀಜ ತೆಗೆಯಲು ಕೂತೆ. ತೆಗೆದು ಮುಗಿಸುವ ಹೊತ್ತಿಗೆ ಬಟ್ಟಲಿನಲ್ಲಿ ಬೀಜ ಇದ್ದವು, ಹಣ್ಣು ನನ್ನ ಮೊಣಕೈವರೆಗೆ ಇತ್ತು. ಅತ್ತೆ ಅಷ್ಟರಲ್ಲಿ ಮಲಗಿದ್ದರು.

ನಿಜವಾದ ಸಿಡಿಲು ಬಡಿದದ್ದು ಡಿಸೆಂಬರಿನಲ್ಲಿ. ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ನಮ್ಮ ಕಡೆ ಅಂದು ಎಲ್ಲರೂ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಅಂದರೆ ಮಾಡಿದ ಅಡುಗೆಯನ್ನು ಬೆಳೆಯ ನಡುವೆ ಎರಚಿ, ಆಮೇಲೆ ಸಜ್ಜೆ ರೊಟ್ಟಿಯ ಜೊತೆ ಭಜ್ಜಿ ತಿನ್ನುತ್ತೇವೆ. ಭಜ್ಜಿ ಎಂದರೆ ಆ ಹೊತ್ತಿಗೆ ಹೊಲದಲ್ಲಿ ಬೆಳೆದ ಅಷ್ಟನ್ನೂ ಒಂದೇ ಪಾತ್ರೆಯಲ್ಲಿ ಹಾಕಿ ಕುದಿಸಿದ ಪಲ್ಯ: ಹಸಿ ತೊಗರಿ, ಅವರೆ, ಕಡಲೆ, ಬಟಾಣಿ, ಮೆಂತ್ಯ, ಗಜ್ಜರಿ, ಬದನೆ, ಬಾರೆಹಣ್ಣು. ಹಂಗಾಮಿನ ಊಟದ ಚಕ್ರವರ್ತಿ ಅದು! ಶ್ರೀಕಾಂತನ ಫೋನು ಬಂತು.

"ಅಣ್ಣಾರ, ಎಳ್ಳ ಅಮಾಸಿ ದಿನಾ ನಮ್ಮ ಟೆರೇಸ್ ಮ್ಯಾಲ ಪ್ರೋಗ್ರಾಂ ಇಟ್ಟೀನ್ರಿ. ನಮ್ಮ ಆಫೀಸಿನವರೆಲ್ಲಾ ಬರ್ತಾರ. ಅತ್ತಿಯವರು ಭಜ್ಜಿ ಮಾಡ್ತೀನಂದಾರ. ನೀವು ಬರಾಕಬೇಕು."

ನಾನು ಫೋನಿಟ್ಟು ಕೂಗಿದೆ: "ಭಜ್ಜಿ ನಮ್ಮದು!"

"ಅವರದೂ ಹೌದಲ್ರಿ," ಎಂದಳು ನಿರ್ಮಲಾ.

"ಅಂವ ಹುಬ್ಬಳ್ಳಿಯವ! ಅವರ ಊರಾಗ ಭಜ್ಜಿ ಅಂದ್ರ ಮೆಣಸಿನಕಾಯಿ ಎಣ್ಣ್ಯಾಗ ಕರದದ್ದು!"

ಅಲ್ಲೇ ನಿಂತು ತೀರ್ಮಾನ ಮಾಡಿದೆ. ಅದೇ ದಿನ, ಅದೇ ಹೊತ್ತಿಗೆ ನನ್ನದೂ ಒಂದು ಎಳ್ಳ ಅಮಾವಾಸ್ಯೆ. ಭಜ್ಜಿ ಮಾಡುವವನು ನಾನೇ.

"ನೀವು?" ಎಂದಳು ನಿರ್ಮಲಾ. "ಚಾ ಮಾಡಾಕ ಹೋಗಿ ಬೋಗಾಣಿ ಸುಟ್ಟೀರಿ."

"ಟೆರೇಸಿನ ಮ್ಯಾಲ ಚರಗ ಚೆಲ್ತಾರೇನ? ಹೊಲ ಬೇಕು! ನಮ್ಮ ಬಸವರಾಜನ ಪ್ಲಾಟ್ ಐತಲ್ಲ, ಅಲ್ಲಿ ಮಾಡ್ತೀನಿ."

ಬಸವರಾಜ ನನ್ನ ಸಹೋದ್ಯೋಗಿ, ನಮ್ಮೂರ ಕಡೆಯವನು. ಎಲ್ಲರೂ ಕೊಳ್ಳುತ್ತಿದ್ದಾರೆಂದು ಅವನೂ ಮಣಿಕೊಂಡದಲ್ಲಿ ಒಂದು ಪ್ಲಾಟು ಕೊಂಡಿದ್ದ. ಅದರಲ್ಲಿ ಒಂದು ಬಂಡೆ, ಎರಡು ಜಾಲಿ ಗಿಡ ಮತ್ತು ಅವನ ಹೆಸರಿನ ಬೋರ್ಡು ಇದ್ದವು.

"ಆ ಪ್ಲಾಟು ಶ್ರೀಕಾಂತನ ಟೆರೇಸಿಗೆ ಎದುರಿಗಾ ಕಾಣ್ತೈತಲ್ರಿ?" ಎಂದಳು ನಿರ್ಮಲಾ ನಿಧಾನವಾಗಿ.

"ಹೌದೇನು? ನಾ ಗಮನಿಸಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಹೇಳಿದ್ದು ನನಗೆ ನಾಟಿತು. "ನೀವು ನಿಮ್ಮ ಗೆಳ್ಯಾರ ಸಂಗಾಟ ಮಾಡ್ಕೋರಿ. ನಾ ಅವ್ವನ ಸಂಗಾಟ ವನಿತಾನ ಮನಿಗೆ ಹೋಗ್ತೀನಿ."

ಹೋದಳು. ಮುಂಚಿನ ದಿನವೇ ಅವ್ವನನ್ನು ಕರೆದುಕೊಂಡು ಹೋದಳು. ಖಾಲಿ ಅಡುಗೆಮನೆಯಲ್ಲಿ ನಿಂತಾಗ ಒಂದು ಕ್ಷಣ, ಇದೆಲ್ಲ ಬಿಟ್ಟು ಅವರ ಹಿಂದೆಯೇ ಹೋಗಿಬಿಡಲೇ ಅನ್ನಿಸಿತು. ಆದರೆ ಕಾರ್ಖಾನೆಯ ನಾಲ್ಕೈದು ಕನ್ನಡ ಕುಟುಂಬಗಳನ್ನು ಕರೆದಾಗಿತ್ತು. ಅವರಲ್ಲಿ ನಮ್ಮ ಸೆಕ್ಷನ್ನಿನ ಕುಲಕರ್ಣಿ ಸಾಹೇಬರೂ ಇದ್ದರು. ಅವರು ಯಾವುದನ್ನೂ ಸುಲಭವಾಗಿ ಮೆಚ್ಚುವವರಲ್ಲ. ಮೆಚ್ಚದಿದ್ದದ್ದನ್ನು ಮಾತ್ರ ಗಂಟೆಗಟ್ಟಲೆ ವಿವರಿಸುವವರು.

ಎರ್ರಗಡ್ಡ ರೈತು ಬಜಾರಿಗೆ ಹೋಗಿ, ಆ ಹಂಗಾಮಿನಲ್ಲಿ ಭೂಮಿಯ ಮೇಲೆ, ಕೆಳಗೆ, ಬಳ್ಳಿಯಲ್ಲಿ ಏನೇನು ಇತ್ತೋ ಅಷ್ಟನ್ನೂ ಚೀಲಕ್ಕೆ ತುಂಬಿದೆ. ತುಂಬುವಾಗ ಒಂದೇ ಯೋಚನೆ: ಇದು ಶ್ರೀಕಾಂತನ ಭಜ್ಜಿಯಲ್ಲಿ ಇರುತ್ತದೆಯೇ? ಇರುತ್ತದೆ. ಇದು? ಇದೂ ಇರುತ್ತದೆ. ಅವನಲ್ಲಿ ಇಲ್ಲದ್ದು ನನ್ನಲ್ಲಿ ಒಂದಾದರೂ ಬೇಡವೇ? ಆಗ ಕಣ್ಣಿಗೆ ಬಿತ್ತು, ಮಣ್ಣು ಮೆತ್ತಿಕೊಂಡು ಆನೆಯ ಪಾದದಂತೆ ಕೂತಿದ್ದ ಸುವರ್ಣಗಡ್ಡೆ! ಹೊಸ ಬೆಳೆ. ಹಂಗಾಮಿನದು. ಯಾವ ಭಜ್ಜಿಯಲ್ಲೂ ಯಾರೂ ಹಾಕುವುದಿಲ್ಲ. ಅಂದರೆ ಯಾರಿಗೂ ಹೊಳೆದಿಲ್ಲ! ಇದ್ದದ್ದರಲ್ಲೇ ದೊಡ್ಡದನ್ನು ಆರಿಸಿದೆ.

ಅಮಾವಾಸ್ಯೆಯ ಬೆಳಿಗ್ಗೆ ಬಸವರಾಜ ಸಹಾಯಕ್ಕೆ ಬಂದ. ಇಬ್ಬರೂ ಕೂತು ಸುವರ್ಣಗಡ್ಡೆ ಹೆಚ್ಚಿದೆವು. ಸ್ವಲ್ಪ ಹೊತ್ತಿಗೆ ಬಸವರಾಜ ಅಂಗೈ ಕೆರೆದುಕೊಂಡ. ನಾನೂ ಕೆರೆದುಕೊಂಡೆ.

"ಸನತ್‌ನಗರದಾಗ ಸೊಳ್ಳಿ ಭಾಳ ಆಗ್ಯಾವು," ಎಂದೆ.

"ಹಗಲೊತ್ತಿನ್ಯಾಗ ಅಂಗೈಗೆ ಕಡೀತಾವೇನೋ?" ಎಂದ ಅವನು. ಒಳ್ಳೆಯ ಪ್ರಶ್ನೆ. ಆದರೆ ಭಜ್ಜಿ ಕುದಿಯತೊಡಗಿತ್ತು, ಅದರ ಕಡೆ ಗಮನ ಕೊಡಬೇಕಿತ್ತು. ಖಾರ ಹಾಕಿದೆ, ಉಪ್ಪು ಹಾಕಿದೆ, ಕಡಲೆಹಿಟ್ಟು ಕಲಸಿ ಹಾಕಿದೆ. ಬಸವರಾಜ ಡಬ್ಬಿಗಳನ್ನು ತಡಕಾಡಿ ಹುಣಸೆಹಣ್ಣಿನ ಉಂಡೆ ತಂದ.

"ಇದನ್ನ ನೆನೆ ಹಾಕಲೇನು?"

ನಾನು ಕೈ ಅಡ್ಡ ಹಿಡಿದೆ. "ಹುಣಸಿ ಹಣ್ಣಾಗೂದು ಯಾವಾಗ? ಬ್ಯಾಸಗಿ ಮುಂದ. ಹಂಗಾದ್ರ ಇದು?"

"ಹ್ವಾದ ವರ್ಷದ್ದು."

"ಹಂಗಾಮಿಂದಲ್ಲ! ಒಳಗಿಡು!"

ನಿಯಮ ಎಂದರೆ ನಿಯಮ. ಹುಣಸೆಹಣ್ಣಿಲ್ಲದೆ ಭಜ್ಜಿ ತಯಾರಾಯಿತು. ರುಚಿ ನೋಡಲೇ ಎಂದ ಬಸವರಾಜನಿಗೆ, ಭೂಮಿತಾಯಿಗೆ ನೈವೇದ್ಯ ಆಗುವ ಮೊದಲು ಬಾಯಿಗೆ ಹಾಕುವುದು ಶಾಸ್ತ್ರಸಮ್ಮತವಲ್ಲ ಎಂದೆ. ಪಕ್ಕದ ಮನೆಯವರು ಮಾಡಿಕೊಟ್ಟ ಸಜ್ಜೆ ರೊಟ್ಟಿಯ ಗಂಟು ಮತ್ತು ಭಜ್ಜಿಯ ಪಾತ್ರೆ ತಬ್ಬಿಕೊಂಡು ಬಸವರಾಜ ಆಟೋದಲ್ಲಿ ಹೊರಟ. ಹಿಂದೆ ಸ್ಕೂಟರಿನಲ್ಲಿ ನಾನು, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಅದೇ ಕೈಯನ್ನು ಇನ್ನೊಂದು ಕೈಯಿಂದ ಕೆರೆಯುತ್ತ.

ಪ್ಲಾಟಿಗೆ ಅತಿಥಿಗಳು ಬಂದು ಸೇರಿದರು. ಬಂಡೆಯ ಸುತ್ತ ಜಮಖಾನೆ ಹಾಸಿದೆವು. ಎದುರಿನ ಟೆರೇಸಿನ ಮೇಲೆ ಬಣ್ಣಬಣ್ಣದ ಶಾಮಿಯಾನ ಕಾಣುತ್ತಿತ್ತು. ಶ್ರೀಕಾಂತ ಅಲ್ಲಿಂದ ಎರಡೂ ಕೈ ಎತ್ತಿ, "ಅಣ್ಣಾರ, ಇಲ್ಲಿಗೇ ಬರ್ರಿ!" ಎಂದು ಕೂಗಿದ. ನನಗೆ ಕೇಳಿಸಲಿಲ್ಲ. ಕೇಳಿಸಲಿಲ್ಲವೆಂದು ತೋರಿಸಲು ನಾನು ಸೌಟನ್ನು ಎತ್ತರಕ್ಕೆ ಹಿಡಿದೆ. ಜಾಲಿ ಗಿಡದ ಬುಡಕ್ಕೆ ಚರಗ ಚೆಲ್ಲಿ, ಎಲ್ಲರಿಗೂ ಧಾರಾಳವಾಗಿ ಬಡಿಸಿ, ಹಂಗಾಮಿನ ಆಹಾರದ ಮಹತ್ವದ ಬಗ್ಗೆ ಎರಡು ಮಾತು ಆಡಿ, "ಇನ್ನು ಸ್ವೀಕರಿಸಬೇಕು" ಎಂದು ಕೈಮುಗಿದೆ.

ಸ್ವೀಕರಿಸಿದರು. ಕುಲಕರ್ಣಿ ಸಾಹೇಬರು ಮೊದಲ ತುತ್ತಿಗೆ ತಲೆ ಆಡಿಸಿದರು. "ಘಮ ಐತಿ," ಎಂದರು. ನನ್ನ ಕಣ್ಣು ತುಂಬಿ ಬಂತು. ಎರಡನೇ ತುತ್ತು. ಮೂರನೇ ತುತ್ತು. ಸಾಹೇಬರು ಮಾತು ನಿಲ್ಲಿಸಿದರು. ನಮ್ಮ ಸೆಕ್ಷನ್ನಿನಲ್ಲಿ ಹಾಗಾದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅವರು ನಾಲಿಗೆ ಹೊರಗೆ ಚಾಚಿ, ಒಳಗೆ ಎಳೆದು, ಮತ್ತೆ ಚಾಚಿದರು. ಗಂಟಲು ಹಿಡಿದುಕೊಂಡರು.

"ಗುಉನಾಥಾ... ಏಥು ಹಾಕಿ ಇಥರಾಗ?" ಗುರುನಾಥ ಎಂಬ ನನ್ನ ಹೆಸರೇ ಅವರ ನಾಲಿಗೆಗೆ ಹೊರಳುತ್ತಿರಲಿಲ್ಲ.

ಅಷ್ಟರಲ್ಲಿ ನನ್ನ ನಾಲಿಗೆಯ ಮೇಲೆ ಯಾರೋ ಕಂಬಳಿಹುಳುಗಳ ಸಮ್ಮೇಳನ ಕರೆದಂತಾಯಿತು. ತುಟಿ, ಅಂಗುಳ, ಗಂಟಲು, ಎಲ್ಲ ಕಡೆ ತುರಿಕೆ! ಜಮಖಾನೆಯ ಮೇಲಿದ್ದವರೆಲ್ಲ ಎದ್ದು ನಿಂತರು. ಒಬ್ಬರು ನಾಲಿಗೆಯನ್ನು ಟವೆಲಿನಿಂದ ತಿಕ್ಕಿದರು. ಒಬ್ಬರು ಸಜ್ಜೆ ರೊಟ್ಟಿಯನ್ನೇ ನಾಲಿಗೆಗೆ ಉಜ್ಜಿಕೊಂಡರು. ಸಾಹೇಬರ ಹೆಂಡತಿ ಬಂಡೆಯ ಸುತ್ತ ಸುತ್ತತೊಡಗಿದರು. ಬಸವರಾಜ ಒಂದೇ ಕಾಲಿನ ಮೇಲೆ ಕುಣಿದ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಟೆರೇಸಿನ ಮೇಲಿದ್ದ ಸಾಫ್ಟ್‌ವೇರಿನವರು ಇದೂ ಹಬ್ಬದ ಒಂದು ಪದ್ಧತಿ ಎಂದು ತಿಳಿದು ಸಾಲಾಗಿ ನಿಂತು ಫೋಟೋ ತೆಗೆದರಂತೆ!

ನೀರು ಕುಡಿದರೆ ತುರಿಕೆ ಹೆಚ್ಚಾಯಿತು. ಮಜ್ಜಿಗೆ ತಂದಿರಲಿಲ್ಲ. ಎಲ್ಲರೂ ನನ್ನನ್ನು ನೋಡಿದರು. ನಾನು ಟೆರೇಸನ್ನು ನೋಡಿದೆ. ಆ ಕ್ಷಣದಲ್ಲಿ ಮಾನ ಮತ್ತು ನಾಲಿಗೆ ಎರಡರಲ್ಲಿ ಒಂದನ್ನು ಆರಿಸಬೇಕಾಗಿತ್ತು. ನಾಲಿಗೆಯನ್ನು ಆರಿಸಿದೆ.

ಹೀಗೆ ನನ್ನ ಸಮಸ್ತ ಅತಿಥಿಗಳ ದಂಡು, ಮುಂದೆ ಕುಲಕರ್ಣಿ ಸಾಹೇಬರು, ಕೊನೆಯಲ್ಲಿ ಪಾತ್ರೆ ಹೊತ್ತ ಬಸವರಾಜ, ರಸ್ತೆ ದಾಟಿ ಷಡ್ಡಕನ ಟೆರೇಸನ್ನು ಹತ್ತಿತು. ಶ್ರೀಕಾಂತ ಸಂತೋಷದಿಂದ ಓಡಿ ಬಂದ.

"ಬಂದ್ರಲ್ಲ ಅಣ್ಣಾರ! ಭಜ್ಜೀನೂ ತಂದೀರಿ! ನಿಮ್ಮ ಕೈ ಭಜ್ಜಿ ಅಂದ್ರ ನಾ ಮೊದಲ ತಿನ್ನಾಂವ," ಎನ್ನುತ್ತ ಪಾತ್ರೆಯ ಮುಚ್ಚಳ ತೆಗೆದ. ಬೇಡ ಎಂದು ಹೇಳಬೇಕು, ಆದರೆ ನಮ್ಮಲ್ಲಿ ಯಾರಿಗೂ ಮಾತು ಹೊರಡುತ್ತಿಲ್ಲ! ಎಲ್ಲರೂ ಎರಡೂ ಕೈ ಜೋರಾಗಿ ಬೀಸಿದೆವು. ಅವನು ಅದನ್ನು ಪ್ರೋತ್ಸಾಹವೆಂದು ತಿಳಿದು ಸೌಟಿನಿಂದಲೇ ತಿಂದ. ಇನ್ನೊಂದು ಸೌಟು ತಿಂದ. ಆಮೇಲೆ ಅವನೂ ನಮ್ಮವನಾದ.

ಅತ್ತೆ ಗದ್ದಲ ಕೇಳಿ ಬಂದರು. ನನ್ನ ಅಂಗೈ ನೋಡಿದರು, ಪಾತ್ರೆಯೊಳಗೆ ಬಗ್ಗಿ ನೋಡಿದರು.

"ಸುವರ್ಣಗಡ್ಡಿ ಹಾಕ್ಯಾನ! ಅದರ ತುರಿಕಿ ಹೋಗಾಕ ಹುಣಸಿಹಣ್ಣು ಹಾಕಿಯೇನೋ ಯಪ್ಪಾ?"

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಯಾಕ?"

"ಹ್ವಾಥ ವರ್ಷಥ್ಥು," ಎಂದೆ.

ಅತ್ತೆ ಹಣೆ ಬಡಿದುಕೊಂಡರು. ಹುಣಸೆಹಣ್ಣು, ಬೆಲ್ಲ ಕಿವುಚಿದ ನೀರು, ಬಕೆಟ್ಟಿನ ತುಂಬ ಮಜ್ಜಿಗೆ ಬಂದವು. ಎಲ್ಲರೂ ಶಾಲೆಯ ಮಕ್ಕಳಂತೆ ಸಾಲಾಗಿ ಕೂತು ಹ್ವಾದ ವರ್ಷದ ಹುಣಸೆಹಣ್ಣನ್ನು ಚೀಪಿದೆವು. ನಿರ್ಮಲಾ ಬಡಿಸುತ್ತ ಬಂದಳು. ನನ್ನ ಮುಂದೆ ನಿಂತು, ಲೋಟ ತುಂಬಿಸಿ, ಯಾರಿಗೂ ಕೇಳದಂತೆ, "ಭಾಳ ಉರ್ಯಾಕತ್ತೈತೇನು?" ಎಂದಳು. ನಾಲಿಗೆಯ ಬಗ್ಗೆ ಕೇಳಿದಳೋ ಹೊಟ್ಟೆಯ ಬಗ್ಗೆ ಕೇಳಿದಳೋ ತಿಳಿಯಲಿಲ್ಲ. ಎರಡಕ್ಕೂ ಸೇರಿಸಿ ಹೌದೆಂದು ಗೋಣು ಹಾಕಿದೆ.

ಬಾಯಿ ತಣ್ಣಗಾದವರು ಅತ್ತೆಯ ಭಜ್ಜಿಗೆ ಕೂತರು. ಏನು ಹೇಳಲಿ! ಕಡಲೆಯ ಸಿಹಿ, ಬಾರೆಹಣ್ಣಿನ ಹುಳಿ, ಮೆಂತ್ಯದ ಕಹಿ ಒಂದಕ್ಕೊಂದು ದಾರಿ ಬಿಟ್ಟುಕೊಂಡು ಬರುತ್ತಿದ್ದವು. ಕುಲಕರ್ಣಿ ಸಾಹೇಬರು ರೊಟ್ಟಿಯ ಮೇಲೆ ರೊಟ್ಟಿ ಮುರಿದು ತಿಂದು, ಶ್ರೀಕಾಂತನ ಹೆಗಲ ಮೇಲೆ ಕೈಹಾಕಿ, ತಮ್ಮ ಅಳಿಯನಿಗೆ ಅವನ ಕಂಪನಿಯಲ್ಲಿ ಜಾಗವಿದೆಯೇ ಎಂದು ವಿಚಾರಿಸತೊಡಗಿದರು.

ನಾನು ಟೆರೇಸಿನ ಮೂಲೆಯಲ್ಲಿ ಒಬ್ಬನೇ ನಿಂತಿದ್ದೆ. ಶ್ರೀಕಾಂತ ಬಾಯಲ್ಲಿ ಬೆಲ್ಲದ ತುಂಡು ಇಟ್ಟುಕೊಂಡು ಬಂದು ಪಕ್ಕದಲ್ಲಿ ನಿಂತ. 

"ಅಣ್ಣಾರ, ಒಂದು ಖರೆ ಮಾತು ಹೇಳಲೇನ್ರಿ? ನನಗ ನಿಮ್ಮ ಮ್ಯಾಲ ಭಾಳ ಹೊಟ್ಟಿಕಿಚ್ಚಿತ್ತರಿ."

ನಾನು ಅವನ ಕಡೆ ತಿರುಗಿದೆ. ನನ್ನ ಮೇಲೆ?

"ಲಗ್ನ ಆದಾಗಿಂದ ನಿಮ್ಮ ಬಗ್ಗೆ ವನಿತಾಂದು ಒಂದಾ ಮಾತು. ನಮ್ಮ ಮಾಮಾಗ ಯಾವ ತಿಂಗಳಿಗೆ ಏನು ತಿನ್ನಬೇಕಂತ ಎಲ್ಲಾ ಗೊತ್ತೈತಿ, ನಿಮಗ ಪಿಜ್ಜಾ ಬಿಟ್ರ ಏನು ಗೊತ್ತೈತಿ ಅಂತ. ಕೇಳಿ ಕೇಳಿ ತಲಿ ಕೆಟ್ಟಿತ್ತು. ಅದಕ್ಕ ಆ ಮೇಡಂ ಕ್ಲಾಸಿಗೆ ಹೋಗಿದ್ದೆ. ಯಾವ ಹಣ್ಣು ಬಂದ್ರೂ ನಿಮಗ ತಂದು ತೋರಿಸಿ, ನೀವು ಛಲೋ ಐತಿ ಅನ್ನಬೇಕಂತ ಕಾಯತಿದ್ದೆ. ನೀವು ಬರೇ ಹುಳಿ ಅಂತಿದ್ರಿ."

ನನಗೆ ಏನಾದರೂ ದೊಡ್ಡ ಮಾತು ಹೇಳಬೇಕೆನಿಸಿತು. ಅಣ್ಣನ ಸ್ಥಾನದಲ್ಲಿ ನಿಂತು, ತೂಕದ ಮಾತು. ಬಾಯಿ ತೆರೆದೆ.

"ಥಥ," ಎಂದೆ.

ಅವನು ನನ್ನ ಕೈ ಹಿಡಿದು ಗಟ್ಟಿಯಾಗಿ ಕುಲುಕಿದ. ಅಂಗೈ ತುರಿಕೆ ಅವನಿಗೂ ಹತ್ತಿತು.

ಸಂಜೆ ನಿರ್ಮಲಾಳನ್ನು ಹಿಂದೆ ಕೂರಿಸಿಕೊಂಡು ಮನೆಗೆ ಹೊರಟಾಗ ನನ್ನ ಸ್ಕೂಟರು ನೆಲದಿಂದ ಸ್ವಲ್ಪ ಮೇಲೆಯೇ ಓಡುತ್ತಿತ್ತು. ಕಾರಿದ್ದವನಿಗೆ, ಫ್ಲ್ಯಾಟಿದ್ದವನಿಗೆ, ಹೊಳೆಯುವ ಮುಖದವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಗಾಜಿನ ಕಟ್ಟಡಗಳ ಮೇಲೆ ಬಿಸಿಲು ಕೆಂಪಾಗಿ ಹೊಳೆಯುತ್ತಿತ್ತು. ಅವೂ ಮೊದಲ ಸಲ ನನಗೆ ಚೆಂದ ಕಂಡವು. ನಾಲಿಗೆ ಮೆಲ್ಲಗೆ ಸ್ವಾಧೀನಕ್ಕೆ ಬರುತ್ತಿತ್ತು. ತಡೆಯಲಾಗಲಿಲ್ಲ.

"ಕೇಳಿದೇನು? ಶ್ರೀಕಾಂತಗ ನನ್ನ ಮ್ಯಾಲ ಹೊಟ್ಟಿಕಿಚ್ಚಂತ!"

"ಕೇಳೇನ್ರಿ. ನನ್ನ ಮುಂದೂ ಹೇಳಿದ," ಎಂದಳು ನಿರ್ಮಲಾ. ನನ್ನ ಭುಜದ ಮೇಲೆ ಕೈ ಇಟ್ಟಳು. "ಆದ್ರ ಐತಿ ಅನ್ನಲಿಲ್ರಿ. ಇತ್ತು ಅಂದ. ನಿಮ್ಮ ಭಜ್ಜಿ ಎರಡು ಸೌಟು ತಿಂದಮ್ಯಾಲ ಪೂರ್ತಿ ಹೋತಂತ!"

ಸ್ಕೂಟರು ನೆಲಕ್ಕಿಳಿಯಿತು. ಇರಲಿ. ಒಟ್ಟಿನಲ್ಲಿ ನನ್ನ ಕೈ ಅಡುಗೆಯಿಂದ ಒಬ್ಬ ಮನುಷ್ಯನ ಹೊಟ್ಟೆಯ ರೋಗವಾದರೂ ಬುಡಸಮೇತ ವಾಸಿಯಾಯಿತು. ನಾನೂ ಅದನ್ನೇ ತಿಂದಿದ್ದೆನಲ್ಲ, ನನಗೇಕೆ ಇನ್ನೂ ಗುಣ ಕಂಡಿಲ್ಲವೋ ತಿಳಿಯದು!